ಹಾಕಿದ ಬಾಗಿಲನ್ನು ತೆರೆದಿದೆ ಎನ್ನುವ ಕಾರು: ಡೋರ್ ಲಾಕಿನ ಸೆನ್ಸರ್ ಸರಿಮಾಡುವ ಬಗೆ

ಆಟಿ ತಿಂಗಳ ಮಳೆ. ಮೂರು ದಿನ ಕಾರು ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಅಮ್ಮನನ್ನು ಮಂಗಳೂರಿಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಕೀ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಮತ್ತೆ ಎಂತದ್ದೂ ಇಲ್ಲ. ಬ್ಯಾಟರಿ ಖಾಲಿ. ಪಕ್ಕದ ಮನೆಯ ಜೀಪಿನಿಂದ ವಯರು ಕೊಟ್ಟು ಹೇಗೋ ಸ್ಟಾರ್ಟ್ ಮಾಡಿದೆವು. ಆಗ ಕಂಡದ್ದು, ಮೀಟರಿನಲ್ಲಿ ಬಾಗಿಲು ತೆರೆದ ಕಾರಿನ ಕೆಂಪು ಚಿತ್ರ. ಇಳಿದು ನಾಲ್ಕೂ ಬಾಗಿಲನ್ನು ಮತ್ತೊಮ್ಮೆ ದಬಾರನೆ ಹಾಕಿದೆ. ಚಿತ್ರ ಆರಲಿಲ್ಲ. ತಲೆಯ ಮೇಲಿನ ಲೈಟೂ ಆರಲಿಲ್ಲ.

ದಾರಿಯಲ್ಲಿ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಬಗ್ಗಿ ಕೂಡ ನೋಡದೆ "ಸೆನ್ಸರ್ ಪೋಯಿ", ಅಂದರೆ ಹೋಯಿತು, ಅಂದುಬಿಟ್ಟರು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ಸೆನ್ಸರ್ ಬೇರೆ ಸಿಗುವುದಿಲ್ಲ, ಇಡೀ ಲಾಕ್ ಬದಲಿಸಬೇಕು, ಐದು ಸಾವಿರದ ಮೇಲೆ ಆಗುತ್ತದೆ ಎಂಬ ಉತ್ತರ ಬಂತು.

ನಿಜವಾಗಿ ಸೆನ್ಸರ್ ಹೋಗಿರಲಿಲ್ಲ. ಕೊಳೆ ಕಟ್ಟಿತ್ತು, ಅಷ್ಟೇ. ಸರಿಮಾಡಲು ಬೇಕಾದದ್ದು ಎರಡು ಡಬ್ಬಿ ಸ್ಪ್ರೇ, ಒಂದು ಸ್ಕ್ರೂಡ್ರೈವರ್, ಹಳೇ ಬೈರಾಸಿನ (ಟವೆಲಿನ) ತುಂಡು ಮತ್ತು ಒಂದು ಗಂಟೆ. ನನಗೆ ಮಾತ್ರ ಮೂರು ವಾರ ಹಿಡಿಯಿತು. ಮೊದಲ ಎರಡು ಸಲ ತಪ್ಪು ಎಣ್ಣೆ ಹಾಕಿದೆ, ಅದಕ್ಕೆ. ಆ ಮೂರು ವಾರ ನಿಮಗೂ ಹೋಗುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಈ ಸೆನ್ಸರ್ ಅಂದರೆ ಎಂತದ್ದು?

ಹಳೇ ಕಾರುಗಳಲ್ಲಿ ಬಾಗಿಲಿನ ಕಂಬದಲ್ಲಿ ಒಂದು ರಬ್ಬರ್ ಟೋಪಿಯ ಗುಂಡಿ ಇರುತ್ತಿತ್ತು. ಬಾಗಿಲು ಹಾಕಿದರೆ ಅದು ಒತ್ತಿಕೊಳ್ಳುತ್ತದೆ, ಲೈಟು ಆರುತ್ತದೆ. ಫ್ರಿಜ್ಜಿನ ಬಾಗಿಲಿನ ಹಾಗೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಆ ಗುಂಡಿ ಇಲ್ಲ. ಬಾಗಿಲಿನ ಲಾಕಿನ ಒಳಗೇ ಒಂದು ಸಣ್ಣ ಮೈಕ್ರೋ ಸ್ವಿಚ್ ಕೂರಿಸಿರುತ್ತಾರೆ. ಸೆನ್ಸರ್ ಎಂಬ ದೊಡ್ಡ ಹೆಸರು ಅದಕ್ಕೇ.

ಬಾಗಿಲು ತೆರೆದು ಅದರ ಅಂಚು ನೋಡಿ. ಒಂದು ಸೀಳು ಕಾಣುತ್ತದೆ. ಅದರೊಳಗೆ ಬಾಯಿ ತೆರೆದ ಕಬ್ಬಿಣದ ಕೊಕ್ಕೆ. ಎದುರಿನ ಕಂಬದಲ್ಲಿ ದಪ್ಪ ಕಬ್ಬಿಣದ ಬಳೆ, ಅದಕ್ಕೆ ಸ್ಟ್ರೈಕರ್ ಎನ್ನುತ್ತಾರೆ. ಬಾಗಿಲು ಹಾಕಿದಾಗ ಸ್ಟ್ರೈಕರ್ ಬಂದು ಕೊಕ್ಕೆಯನ್ನು ತಳ್ಳಿ ತಿರುಗಿಸುತ್ತದೆ. ಕೊಕ್ಕೆ ಹಿಂದೆ ಸರಿಯದಂತೆ ಇನ್ನೊಂದು ಸಣ್ಣ ಹಲ್ಲು ತಡೆ ಹಿಡಿಯುತ್ತದೆ. ಇದಕ್ಕೆ ಎರಡು ಹಂತ ಉಂಟು. ಮೊದಲ 'ಕ್ಲಿಕ್' ಅರ್ಧ ಲಾಕ್, ಎರಡನೆಯದು ಪೂರ್ತಿ. ಕೊಕ್ಕೆ ಪೂರ್ತಿ ತಿರುಗಿದಾಗ ಅದರ ಹಿಂಬದಿಯ ಉಬ್ಬು ಮೈಕ್ರೋ ಸ್ವಿಚ್ಚಿನ ಪುಟ್ಟ ನಾಲಿಗೆಯನ್ನು ಅಲುಗಿಸುತ್ತದೆ. ಕಾರಿಗೆ ಬಾಗಿಲು ಹಾಕಿದ್ದು ಗೊತ್ತಾಗುವುದು ಹೀಗೆ.

ಆ ನಾಲಿಗೆ ಅಲುಗುವುದು ಒಂದೆರಡು ಮಿಲಿಮೀಟರ್ ಮಾತ್ರ. ಅಷ್ಟು ಸಣ್ಣ ಜಾಗದಲ್ಲಿ ಒಣಗಿದ ಗ್ರೀಸು, ಕೆಂಪು ಮಣ್ಣಿನ ಧೂಳು, ಮಳೆಗಾಲದ ತೇವ ಮೂರೂ ಸೇರಿದರೆ ಎಂತ ಆಗುತ್ತದೆ ಅಂತ ಬೇರೆ ಹೇಳಬೇಕಾ? ನಾಲಿಗೆ ಅಂಟಿಕೊಳ್ಳುತ್ತದೆ, ಇಲ್ಲವೇ ಕೊಕ್ಕೆ ಕೊನೆಯ ಒಂದು ಮಿಲಿಮೀಟರ್ ತಿರುಗುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಗೆ ಎರಡು ಕಾಟ. ಉಪ್ಪಳ, ಕುಂಬಳೆಯ ಕಡಲ ಬದಿಯವರಿಗೆ ಉಪ್ಪು ಗಾಳಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯವರಿಗೆ ಕೆಂಪುಕಲ್ಲಿನ ಧೂಳು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲ ಮಾಡುವಾಗ ದಿನಾ ಓಡಾಡಿದವರಿಗಂತೂ ಎರಡೂ ಪುಕ್ಕಟೆ ಸಿಕ್ಕಿದೆ.

ಇದರಿಂದ ಬರುವ ತೊಂದರೆ ಬರೀ ಒಂದು ಕೆಂಪು ದೀಪ ಅಲ್ಲ. ರಿಮೋಟ್ ಒತ್ತಿದರೆ ಲಾಕ್ ಆಗುವುದಿಲ್ಲ, ಅಥವಾ ಲಾಕ್ ಆಗಿ ಕೂಡಲೇ ತೆರೆದುಕೊಳ್ಳುತ್ತದೆ. ಓಡುವಾಗ ಬೀಪ್ ಬೀಪ್. ಕೆಲವು ಕಾರುಗಳಲ್ಲಿ ನಡುರಾತ್ರಿ ಅಲಾರಂ ಕೂಗುತ್ತದೆ. ಬ್ಯಾಟರಿಯ ಲೆಕ್ಕ ಹೀಗೆ. ಒಳಗಿನ ಹಳೇ ಮಾದರಿಯ ಬಲ್ಬು 5 ವ್ಯಾಟ್. 12 ವೋಲ್ಟಿಗೆ ಅದು 0.4 ಆಂಪಿಯರಿಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಮೂರು ದಿನ ಅಂದರೆ 72 ಗಂಟೆ, ಸುಮಾರು 30 ಆಂಪಿಯರ್-ಅವರ್. ನನ್ನ ಬ್ಯಾಟರಿ ಇರುವುದೇ 35. ಮತ್ತೆ ಸ್ಟಾರ್ಟ್ ಆಗುವುದು ಎಲ್ಲಿಂದ? ಹಾಗಾಗಿ ರಿಪೇರಿ ಮುಗಿಯುವ ತನಕ ಒಳಗಿನ ಲೈಟನ್ನು ಪೂರ್ತಿ ಆಫ್ ಮಾಡಿಡಿ. ಎರಡು ದಿನಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಬ್ಯಾಟರಿಯ ಮೈನಸ್ ವಯರು ಕಳಚಿಡಿ.

ಯಾವ ಬಾಗಿಲು?

ಮೀಟರಿನಲ್ಲಿ ಬಾಗಿಲು ಬಾಗಿಲನ್ನೂ ಬೇರೆ ಬೇರೆ ತೋರಿಸುವ ಕಾರಾದರೆ ನೀವು ಪುಣ್ಯವಂತರು. ನನ್ನದರಲ್ಲಿ ಎಲ್ಲದಕ್ಕೂ ಒಂದೇ ದೀಪ. ಐದರಲ್ಲಿ ಯಾವುದು ಅಂತ ಹುಡುಕಬೇಕು. ಹೌದು, ಐದು. ಡಿಕ್ಕಿಯ ಬಾಗಿಲನ್ನು ಎಲ್ಲರೂ ಮರೆಯುತ್ತಾರೆ.

ಎಲ್ಲ ಬಾಗಿಲು ಹಾಕಿ, ಒಬ್ಬರನ್ನು ಒಳಗೆ ಕೂರಿಸಿ ದೀಪ ನೋಡಲು ಹೇಳಿ. ನೀವು ಹೊರಗಿನಿಂದ ಒಂದೊಂದೇ ಬಾಗಿಲಿನ ಅಂಚನ್ನು ಸೊಂಟದಿಂದ ಬಲವಾಗಿ ಒತ್ತಿ ಬಿಡಿ. ಹಿಡಿಕೆಯನ್ನು ಸ್ವಲ್ಪ ಎಳೆದು ಬಿಟ್ಟು ನೋಡಿ. ದೀಪ ಒಂದು ಕ್ಷಣ ಮಿನುಗಿದರೆ ಅದೇ ಬಾಗಿಲು. ಹಾಗೂ ಸಿಗದಿದ್ದರೆ ಒಂದೊಂದನ್ನೂ ಹದಿನೈದು-ಇಪ್ಪತ್ತು ಸಲ ತೆರೆದು ಹಾಕಿ. ಅಂಟಿದ ನಾಲಿಗೆ ಎಲ್ಲೋ ಒಂದು ಸಲ ಬಿಟ್ಟುಕೊಳ್ಳುತ್ತದೆ.

ಡ್ರೈವರ್ ಬಾಗಿಲಿಗೆ ಇನ್ನೊಂದು ಸುಲಭದ ಪರೀಕ್ಷೆ ಉಂಟು. ಹೆಡ್‌ಲೈಟ್ ಆನ್ ಇಟ್ಟು ಕೀ ತೆಗೆದು ಬಾಗಿಲು ತೆರೆದರೆ ಹೆಚ್ಚಿನ ಕಾರುಗಳು ಕೂಗಿಕೊಳ್ಳುತ್ತವೆ. ಇದು ಸಾಧಾರಣವಾಗಿ ಡ್ರೈವರ್ ಬಾಗಿಲಿಗೆ ಮಾತ್ರ. ಬಾಗಿಲು ಹಾಕಿಯೇ ಇದ್ದರೂ ಕೂಗಿದರೆ ಕಳ್ಳ ಅಲ್ಲೇ ಇದ್ದಾನೆ.

ನನ್ನ ಕಾರಿನಲ್ಲಿ ಸಿಕ್ಕಿದ್ದು ಹಿಂದಿನ ಎಡ ಬಾಗಿಲು. ಅಡಿಕೆ ಗೋಣಿ ಹಾಕುವುದು, ಇಳಿಸುವುದು ಎಲ್ಲ ಆ ಬಾಗಿಲಿನಿಂದಲೇ. ಆಗಲೇ ನನಗೆ ಅಂದಾಜು ಆಗಬೇಕಿತ್ತು.

ಸ್ವಿಚ್ಚನ್ನು ಬೈಯುವ ಮೊದಲು

ಬಾಗಿಲು ನಿಜವಾಗಿಯೂ ಪೂರ್ತಿ ಹಾಕಿಕೊಂಡಿದೆಯಾ ನೋಡಿ. ಎಷ್ಟೋ ಸಲ ಸೆನ್ಸರ್ ಸತ್ಯವನ್ನೇ ಹೇಳುತ್ತಿರುತ್ತದೆ, ನಾವೇ ನಂಬುವುದಿಲ್ಲ. ಬಾಗಿಲಿನ ಅಂಚು ಪಕ್ಕದ ತಗಡಿಗೆ ಸಮವಾಗಿದೆಯಾ, ಹೊರಗೆ ಉಬ್ಬಿದೆಯಾ? ಬಾಗಿಲಿನ ಸುತ್ತಲಿನ ಬೀಡಿಂಗ್ ರಬ್ಬರ್ ಜಾರಿ ಮಡಚಿಕೊಂಡರೆ ಬಾಗಿಲು ಅರ್ಧ ಲಾಕಿನಲ್ಲೇ ನಿಲ್ಲುತ್ತದೆ. ಬಾಗಿಲು ತೆರೆದು ಅದರ ತುದಿಯನ್ನು ಕೈಯಿಂದ ಮೇಲಕ್ಕೆ ಎತ್ತಿ. ಲೊಟಲೊಟ ಅಲ್ಲಾಡಿದರೆ ಹಿಂಜಸ್ (ಬಾಗಿಲು ತಿರುಗುವ ಕೀಲು) ಸವೆದಿದೆ, ಬಾಗಿಲು ಕೆಳಗೆ ಜೋತಿದೆ. ಸ್ಟ್ರೈಕರಿನ ಒಂದೇ ಬದಿ ಮಾತ್ರ ಉಜ್ಜಿ ಹೊಳೆಯುತ್ತಿದ್ದರೆ ಅದೂ ಇದೇ ಗುರುತು. ಸ್ಟ್ರೈಕರನ್ನು ಸರಿಸಬಹುದು. ಆದರೆ ಮೊದಲು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಳ್ಳಿ. ಸ್ಕ್ರೂ ಸ್ವಲ್ಪವೇ ಸಡಿಲಿಸಿ ಒಂದು ಮಿಲಿಮೀಟರ್ ಸರಿಸಿ ನೋಡಿ. ಗೆರೆ ಇಲ್ಲದೆ ಕಳಚಿದರೆ ಮತ್ತೆ ಆ ಜಾಗ ಸಿಗಲು ಅರ್ಧ ದಿನ ಬೇಕು.

ಇದೆಲ್ಲ ಸರಿ ಇದ್ದರೆ ಸ್ಕ್ರೂಡ್ರೈವರ್ ಪರೀಕ್ಷೆ. ಬಾಗಿಲು ಪೂರ್ತಿ ತೆರೆದಿಡಿ. ಉದ್ದ ಸ್ಕ್ರೂಡ್ರೈವರಿನ ಕಡ್ಡಿಯನ್ನು ಸೀಳಿನೊಳಗೆ ಹಾಕಿ ಸ್ಟ್ರೈಕರ್ ಬರುವ ದಿಕ್ಕಿನಿಂದಲೇ ಕೊಕ್ಕೆಯನ್ನು ಒತ್ತಿ. ಕ್ಲಿಕ್. ಇನ್ನೊಮ್ಮೆ ಒತ್ತಿ. ಕ್ಲಿಕ್. ಈಗ ಬಾಗಿಲು ತೆರೆದೇ ಇದ್ದರೂ ಕಾರು ಅದನ್ನು ಹಾಕಿದೆ ಅಂತ ತಿಳಿಯಬೇಕು, ದೀಪ ಆರಬೇಕು. ಆರಿದರೆ ಸ್ವಿಚ್ ಸರಿ ಇದೆ, ತೊಂದರೆ ಸ್ಟ್ರೈಕರ್ ಅಥವಾ ಹಿಂಜಸ್‌ನದ್ದು. ಆರದಿದ್ದರೆ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಇನ್ನೂ ಸ್ವಲ್ಪ ಒತ್ತಿ ಹಿಡಿಯಿರಿ, ಲಾಕಿನ ಮೇಲೆ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಆರಿದರೆ, ಅಂಟಿಕೊಂಡಿದೆ ಅಂತ ಅರ್ಥ. ತೊಳೆದರೆ ಸರಿಯಾಗುವ ಜಾತಿ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ಪರೀಕ್ಷೆ ಆದ ಮೇಲೆ ಹೊರಗಿನ ಹಿಡಿಕೆ ಎಳೆದು ಕೊಕ್ಕೆಯನ್ನು ತೆರೆದ ಸ್ಥಿತಿಗೆ ತರಬೇಕು. ಆಮೇಲೆಯೇ ಬಾಗಿಲು ಹಾಕಬೇಕು. ನನ್ನ ಪರೀಕ್ಷೆಗೆ ತಮ್ಮನ ಮಗ ಸಹಾಯಕ್ಕೆ ಕೂತಿದ್ದ, ಎಂಟು ವರ್ಷ. "ದೊಡ್ಡಪ್ಪಾ, ಲೈಟ್ ಹೋಯಿತು!" ಅಂತ ಕಿರುಚಿ, ಹಾರಿ ಇಳಿದು, ಖುಷಿಯಲ್ಲಿ ಬಾಗಿಲನ್ನು ಜೋರಾಗಿ ಹಾಕಿಯೇ ಬಿಟ್ಟ. ಮುಚ್ಚಿದ ಕೊಕ್ಕೆ ಹೋಗಿ ಸ್ಟ್ರೈಕರಿಗೆ 'ಠಣ್' ಅಂತ ಬಡಿಯಿತು. ಬಾಗಿಲು ವಾಪಸ್ಸು ಬಂತು. ಲಾಕ್ ಒಡೆಯಲಿಲ್ಲ, ನನ್ನ ಅದೃಷ್ಟ. ಸ್ಟ್ರೈಕರಿನ ಮೇಲೆ ಆ ಗಾಯ ಇವತ್ತಿಗೂ ಇದೆ.

ವಯರಿನ ಕಥೆಯೂ ಸ್ವಲ್ಪ ಇದೆ. ಬಾಗಿಲು ಮತ್ತು ಕಂಬದ ನಡುವೆ ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇರುತ್ತದೆ, ವಯರುಗಳೆಲ್ಲ ಅದರೊಳಗೆ. ಬಾಗಿಲು ತೆರೆದು ಹಾಕುವಾಗೆಲ್ಲ ಅವು ಮಡಚಿಕೊಳ್ಳುತ್ತವೆ. ವರ್ಷಗಟ್ಟಲೆ ಮಡಚಿ ಒಳಗೆ ತುಂಡಾಗಬಹುದು. ಆ ಕೊಳವೆಯನ್ನು ಕೈಯಲ್ಲಿ ಹಿಡಿದು ಹಿಂಡಿ, ತಿರುಚಿ. ಆಗ ದೀಪ ಮಿನುಗಿದರೆ ನೀವು ಲಾಕಿಗೆ ಎಷ್ಟು ಸ್ಪ್ರೇ ಹೊಡೆದರೂ ಸುಮ್ನೆ. ತೋಟದ ಮನೆಯವರು ಇಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಣ್ಣೆಯ ವಿಷಯ

ಬರೆಯಲು ಕೂತದ್ದೇ ಇದಕ್ಕಾಗಿ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮನೆಯಲ್ಲಿದ್ದ ತುಕ್ಕು ಬಿಡಿಸುವ ಸ್ಪ್ರೇ ತಂದು ಸೀಳಿನೊಳಗೆ ಚೆನ್ನಾಗಿ ಹೊಡೆದೆ. ನಾಲ್ಕೈದು ಸಲ ಬಾಗಿಲು ಹಾಕಿದೆ. ದೀಪ ಆರಿತು! ಮನೆಯವರ ಎದುರು ಸ್ವಲ್ಪ ಜಂಬವೂ ಆಯಿತು. ಐದನೇ ದಿನ ಮತ್ತೆ ಉರಿಯಿತು, ಈ ಸಲ ತಟ್ಟಿದರೂ ಆರುವುದಿಲ್ಲ.

ಆ ಬಗೆಯ ಸ್ಪ್ರೇ ಕೆಟ್ಟದ್ದಲ್ಲ, ಅದರ ಕೆಲಸ ಬೇರೆ. ಈ ಜಾತಿಯಲ್ಲಿ ಹೆಸರುವಾಸಿಯಾದ ಡಬ್ಲ್ಯುಡಿ-40 ಅನ್ನೇ ನೋಡಿ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ಕಂಡುಹಿಡಿದದ್ದು ನೀರನ್ನು ಹೊರಗೆ ತಳ್ಳಲಿಕ್ಕೆ, ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಬಾರದ ಹಾಗೆ. ಹೆಸರಿನ ಅರ್ಥವೂ ಅಷ್ಟೇ, ನೀರು ಓಡಿಸುವ 40ನೇ ಪ್ರಯತ್ನ. ಒದ್ದೆಯಾದ ಬೋಲ್ಟಿಗೆ, ಜಾಮ್ ಆದ ನಟ್ಟಿಗೆ ಇಂಥ ಸ್ಪ್ರೇ ಬೇಕೇ ಬೇಕು. ಆದರೆ ಅದರಲ್ಲಿ ಜಾಸ್ತಿ ಇರುವುದು ಬೇಗ ಆರಿ ಹೋಗುವ ದ್ರಾವಣ. ಲಾಕಿನೊಳಗೆ ಹೊಡೆದಾಗ ಅದು ಹಳೇ ಗ್ರೀಸನ್ನು ಕರಗಿಸುತ್ತದೆ. ಕರಗಿದ ಗ್ರೀಸು ಹೊರಗೆ ಬರದೆ ಇದ್ದರೆ ಎಲ್ಲಿಗೆ ಹೋಗುತ್ತದೆ? ಸ್ವಿಚ್ಚಿನ ಸಂದಿಗೆ. ನಾಲ್ಕು ದಿನದಲ್ಲಿ ದ್ರಾವಣ ಆರುತ್ತದೆ, ತೆಳ್ಳಗಿನ ಎಣ್ಣೆಯ ಪಸೆ ಉಳಿಯುತ್ತದೆ, ಅದಕ್ಕೆ ಹೊಸ ಧೂಳು ಅಂಟುತ್ತದೆ. ಕೊಕ್ಕೆಗೆ ಇದ್ದ ಗ್ರೀಸೂ ಹೋಯಿತು, ಸ್ವಿಚ್ಚಿಗೆ ಇಲ್ಲದ ಗ್ರೀಸು ಬಂತು. ತಪ್ಪು ನನ್ನದೇ.

ಎರಡನೇ ಸಲ ಅಪ್ಪನ ಸಲಹೆ. "ತೆಂಗಿನೆಣ್ಣೆ ಬಿಡು ಮಾರಾಯ, ನಮ್ಮ ಮಾಳಿಗೆಯ ಬಾಗಿಲಿಗೆ ಐವತ್ತು ವರ್ಷದಿಂದ ಅದೇ." ನಮ್ಮಲ್ಲಿ ಕತ್ತಿಗೆ, ಕೀಲಿಗೆ, ತಲೆಗೆ, ಸೊಂಟ ನೋವಿಗೆ ಎಲ್ಲದಕ್ಕೂ ತೆಂಗಿನೆಣ್ಣೆಯೇ ಅಲ್ವಾ. ಬಿಟ್ಟೆ. ಕೊಕ್ಕೆ ನುಣ್ಣಗೆ ತಿರುಗಿತು. ಎರಡು ವಾರ ಆದ ಮೇಲೆ ನೋಡಿದರೆ ಸೀಳಿನ ಬಾಯಲ್ಲಿ ಕೆಂಪು ಮೇಣದ ಹಾಗೆ ಒಂದು ಪದರ, ಉಗುರಿನಿಂದ ಕೆರೆದರೆ ಉಂಡೆ ಆಗುತ್ತದೆ. ತೆಂಗಿನೆಣ್ಣೆ ಗಾಳಿಗೆ ಬಿಟ್ಟರೆ ಕಮಟುತ್ತದೆ, ಜಿಗುಟಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನು ತಿಂಗಳ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂರುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಮಾಳಿಗೆಯ ಕೀಲಿನಲ್ಲಿ ಮೈಕ್ರೋ ಸ್ವಿಚ್ ಇರಲಿಲ್ಲ, ಹಾಗಾಗಿ ಐವತ್ತು ವರ್ಷ ನಡೆಯಿತು.

ಇಂಜಿನ್ ಆಯಿಲ್, ಬೇರಿಂಗಿಗೆ ಹಾಕುವ ದಪ್ಪ ಗ್ರೀಸು, ಎರಡೂ ಬೇಡ. ದಪ್ಪ ಗ್ರೀಸು ನಾಲಿಗೆಯನ್ನೇ ಹಿಡಿದು ಕೂರುತ್ತದೆ. ಪೆಟ್ರೋಲಿನಿಂದ ತೊಳೆಯುವವರೂ ಇದ್ದಾರೆ. ಅದು ರಬ್ಬರನ್ನು, ಕೆಲವು ಪ್ಲಾಸ್ಟಿಕ್ಕನ್ನು ಹಾಳು ಮಾಡುತ್ತದೆ. ಹತ್ತಿರದಲ್ಲೇ ಕರೆಂಟಿನ ಸ್ವಿಚ್ ಇರುವಾಗ ಬೆಂಕಿಯ ಭಯ ಬೇರೆ.

ಬೇಕಾದದ್ದು ಎರಡು ಬೇರೆ ಬೇರೆ ಡಬ್ಬಿ. ತೊಳೆಯಲು ಒಂದು, ಹಚ್ಚಲು ಇನ್ನೊಂದು.

ತೊಳೆಯಲು ಕಾಂಟ್ಯಾಕ್ಟ್ ಕ್ಲೀನರ್. ಟಿವಿ, ಮಿಕ್ಸಿ ರಿಪೇರಿಯವರು ಇದನ್ನು ದಿನಾ ಬಳಸುತ್ತಾರೆ. ಕೊಳೆ, ಎಣ್ಣೆ ಎರಡನ್ನೂ ಎಬ್ಬಿಸಿ ತಾನು ಆರಿ ಹೋಗುತ್ತದೆ, ಹಿಂದೆ ಪಸೆ ಬಿಡುವುದಿಲ್ಲ. ಡಬ್ಬಿಯ ಮೇಲೆ ಪ್ಲಾಸ್ಟಿಕ್ಕಿಗೆ ತೊಂದರೆ ಇಲ್ಲ ಅಂತ ಬರೆದಿರುವುದನ್ನೇ ಕೊಳ್ಳಿ. ಅಂಗಡಿಯವರು ಬ್ರೇಕ್ ಕ್ಲೀನರ್ ಕೊಟ್ಟು "ಎರಡೂ ಒಂದೇ" ಅಂದರೆ ಒಪ್ಪಬೇಡಿ. ಅದು ತುಂಬಾ ಖಾರ, ಪ್ಲಾಸ್ಟಿಕ್ಕಿಗೂ ಪೇಂಟಿಗೂ ಆಗುವುದಿಲ್ಲ.

ಹಚ್ಚಲು ವೈಟ್ ಲಿಥಿಯಂ ಗ್ರೀಸ್, ಸ್ಪ್ರೇ ರೂಪದ್ದು. ಹೊಡೆದಾಗ ತೆಳ್ಳಗೆ ಸಂದಿಗೆ ಇಳಿಯುತ್ತದೆ, ಆಮೇಲೆ ಬೆಣ್ಣೆಯ ಹಾಗೆ ನಿಲ್ಲುತ್ತದೆ. ಮಳೆ ನೀರಿಗೆ ಬೇಗ ತೊಳೆದು ಹೋಗುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ಆದರೆ ಕೊಕ್ಕೆಗೆ, ಹಲ್ಲಿಗೆ, ಸ್ಟ್ರೈಕರಿಗೆ ಮಾತ್ರ. ಗ್ರೀಸಿನಲ್ಲಿ ಕರೆಂಟು ಹರಿಯುವುದಿಲ್ಲ. ಸ್ವಿಚ್ಚಿನ ಒಳಗೆ ಅದು ಹೋದರೆ ತೊಳೆದದ್ದು ವ್ಯರ್ಥ.

ಸಿಲಿಕೋನ್ ಸ್ಪ್ರೇ ಮನೆಯಲ್ಲಿದ್ದರೆ ಬೀಡಿಂಗ್ ರಬ್ಬರಿಗೆ ಒರೆಸಿ, ಬಟ್ಟೆಗೆ ಹೊಡೆದುಕೊಂಡು. ಲಾಕಿನೊಳಗೆ ಬೇಡ. ಸ್ವಿಚ್ಚಿನಲ್ಲಿ ಕಿಡಿ ಹಾರುವ ಜಾಗಕ್ಕೆ ಸಿಲಿಕೋನ್ ಸೇರಿದರೆ ಅಲ್ಲಿ ಕರೆಂಟು ದಾಟದ ಗಟ್ಟಿ ಪದರ ಕಟ್ಟಬಹುದು. ಇನ್ನು ಕೀ ಹಾಕುವ ತೂತಿಗೆ ಗ್ರಾಫೈಟ್ ಪುಡಿ, ಅದು ಬೇರೆಯೇ ವಿಷಯ.

ಈಗ ಕೆಲಸ

ಮಳೆ ಇಲ್ಲದ ಹೊತ್ತು ನೋಡಿ ಕಾರನ್ನು ಅಂಗಳಕ್ಕೆ ತನ್ನಿ. ಶೆಡ್ಡಿನ ಒಳಗೆ ಬೇಡ, ಕ್ಲೀನರಿನ ಆವಿಗೆ ಬೆಂಕಿ ಹಿಡಿಯುತ್ತದೆ. ಬೀಡಿ ಸಿಗರೇಟು ದೂರ. ಕೀ ತೆಗೆಯಿರಿ, ಬ್ಯಾಟರಿಯ ಮೈನಸ್ ಕಳಚಿ. ಕಳಚಿದರೆ ಗಡಿಯಾರ, ರೇಡಿಯೋ ಮರೆತುಹೋಗಬಹುದು, ಕೆಲವು ಕಾರುಗಳಲ್ಲಿ ತನ್ನಿಂದ ತಾನೇ ಏರುವ ಗ್ಲಾಸಿಗೆ ಮತ್ತೆ ಪಾಠ ಹೇಳಿಕೊಡಬೇಕಾಗುತ್ತದೆ. ಕಾರಿನ ಪುಸ್ತಕದಲ್ಲಿ ಕ್ರಮ ಇರುತ್ತದೆ.

ಬಾಗಿಲು ಪೂರ್ತಿ ತೆರೆದು ಲಾಕಿನ ಕೆಳಗೆ ಬೈರಾಸಿನ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ಕಪ್ಪು ನೀರು ಸೀಟಿಗೆ ಹಾರುತ್ತದೆ. ಮೊದಲು ಹಳೇ ಟೂತ್‌ಬ್ರಶ್ಶಿನಿಂದ ಸೀಳಿನ ಬಾಯನ್ನು ಒಣಗಿದ ಹಾಗೆಯೇ ಉಜ್ಜಿ. ಕಂಡ ಕೊಳೆಯನ್ನು ತೆಗೆಯದೆ ಸ್ಪ್ರೇ ಹೊಡೆದರೆ ಅದನ್ನೂ ಒಳಗೆ ಕಳಿಸಿದ ಹಾಗೆ.

ಕ್ಲೀನರಿನ ಡಬ್ಬಿಗೆ ಉದ್ದ ನಳಿಗೆ ಸಿಕ್ಕಿಸಿ ಸೀಳಿನೊಳಗೆ ಇಟ್ಟು ಎರಡು-ಮೂರು ಸೆಕೆಂಡು ಹೊಡೆಯಿರಿ. ಕೂಡಲೇ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿ, ಹಿಡಿಕೆ ಎಳೆದು ತೆರೆಯಿರಿ. ಮುಚ್ಚಿ, ತೆರೆಯಿರಿ. ಇಪ್ಪತ್ತು-ಮೂವತ್ತು ಸಲ. ಕೊಳೆ ಬಿಡುವುದು ದ್ರಾವಣ ಒಂದರಿಂದಲೇ ಅಲ್ಲ, ಈ ಅಲುಗಾಟದಿಂದ. ಕೆಳಗೆ ಇಳಿದು ಬಂದದ್ದನ್ನು ಒರೆಸಿ, ಮತ್ತೆ ಹೊಡೆಯಿರಿ. ನನ್ನ ಮೊದಲ ಸುತ್ತಿನಲ್ಲಿ ಬಂದದ್ದು ಕಾಫಿ ಗಸಿಯ ಬಣ್ಣ. ಎರಡನೇ ಸುತ್ತಿನಲ್ಲಿ ಅದರ ಜೊತೆಗೆ ಕೂದಲಿನ ಹಾಗೆ ಒಂದು ಎಳೆ ಹೊರಗೆ ಇಣುಕಿತು. ಚಿಮುಟದಲ್ಲಿ ಎಳೆದರೆ ಬೆರಳುದ್ದ. ನೋಡಿದರೆ ಗೋಣಿಯ ನಾರು! ಒಂದಲ್ಲ, ಮೂರು. ಕೊಕ್ಕೆಯ ಹಿಂದೆ ಸುತ್ತಿಕೊಂಡು ತೆಂಗಿನೆಣ್ಣೆ ಕುಡಿದು ಕೂತಿದ್ದವು. ನಾಲ್ಕನೇ ಸುತ್ತಿಗೆ ಬಟ್ಟೆ ಬೆಳ್ಳಗೇ ಉಳಿಯಿತು. ಅಲ್ಲಿಗೆ ನಿಲ್ಲಿಸಬಹುದು.

ಹಿಂದಿನ ಬಾಗಿಲಾದರೆ ಲಾಕಿನ ಹತ್ತಿರವೇ ಮಕ್ಕಳ ಲಾಕಿನ ಪುಟ್ಟ ಕಡ್ಡಿ ಇರುತ್ತದೆ. ಸ್ಕ್ರೂಡ್ರೈವರ್ ತಾಗಿ ಅದು ಕೆಳಗೆ ಹೋದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಲಾಕ್ ಹಾಳು ಮಾಡಿಬಿಟ್ಟೆ ಅಂತ ನಾನು ಹತ್ತು ನಿಮಿಷ ಬೆವರಿದ್ದು ಇದಕ್ಕೇ.

ಈಗ ಇಪ್ಪತ್ತು ನಿಮಿಷ ಬಿಡಿ. ಚಾ ಕುಡಿದು ಬನ್ನಿ. ಪೂರ್ತಿ ಆರಿದ ಮೇಲೆ ಬ್ಯಾಟರಿ ಕೊಟ್ಟು ಅದೇ ಸ್ಕ್ರೂಡ್ರೈವರ್ ಪರೀಕ್ಷೆ ಮಾಡಿ. ಎರಡನೇ ಕ್ಲಿಕ್ಕಿಗೆ ದೀಪ ಆರಬೇಕು, ಹಿಡಿಕೆ ಎಳೆದ ಕೂಡಲೇ ಉರಿಯಬೇಕು. ಹತ್ತು ಸಲ ಮಾಡಿದರೆ ಹತ್ತೂ ಸಲ. ಒಂಬತ್ತು ಸಾಲದು, ಮತ್ತೊಂದು ಸುತ್ತು ತೊಳೆಯಿರಿ. ಈ ಪರೀಕ್ಷೆ ಗೆದ್ದ ಮೇಲೆಯೇ ಗ್ರೀಸು. ಮೊದಲೇ ಹಚ್ಚಿದರೆ ಸರಿಯಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಅಂತ ನಿಮಗೆ ಗೊತ್ತಾಗುವುದಿಲ್ಲ.

ಗ್ರೀಸು ಹಚ್ಚುವಾಗ ಕೈ ಬಿಗಿ ಇರಲಿ. ಕೊಕ್ಕೆಯ ಬಾಯಿಗೆ ಒಂದು ಚಿಟಿಕೆ, ಹಲ್ಲು ಕೂರುವಲ್ಲಿ ಒಂದು ಚಿಟಿಕೆ, ಸ್ಟ್ರೈಕರಿಗೆ ಬೆರಳಿನಿಂದ ತೆಳ್ಳಗೆ. ಸೀಳಿನ ಆಳಕ್ಕೆ ನಳಿಗೆ ಹಾಕಿ ಒತ್ತಿ ಹಿಡಿಯಬೇಡಿ. ಬಾಗಿಲನ್ನು ಹತ್ತು ಸಲ ಹಾಕಿ ತೆಗೆದು, ಹೊರಗೆ ಬಂದದ್ದನ್ನು ಒರೆಸಿಬಿಡಿ. ಇಲ್ಲದಿದ್ದರೆ ಅಮ್ಮಂದಿರ ಸೀರೆಯ ಸೆರಗಿಗೆ ಬಿಳಿ ಗೆರೆ, ಮತ್ತೆ ನಿಮಗೆ ಮಾತು.

ಕೆಲಸದ ನಡುವೆ ಬಾಗಿಲಿನ ತಳ ಅಂಚನ್ನೂ ನೋಡಿ. ಮೂರು-ನಾಲ್ಕು ಸಣ್ಣ ತೂತುಗಳಿರುತ್ತವೆ. ಗ್ಲಾಸಿನ ಸಂದಿಯಿಂದ ಒಳಗೆ ಇಳಿದ ಮಳೆ ನೀರು ಹೊರಗೆ ಹೋಗುವುದು ಅಲ್ಲಿಂದ. ಎಲೆ, ಮಣ್ಣು ಕಟ್ಟಿದರೆ ಬಾಗಿಲಿನೊಳಗೆ ನೀರು ನಿಲ್ಲುತ್ತದೆ, ಲಾಕು ನಾಲ್ಕು ತಿಂಗಳು ತೇವದಲ್ಲೇ ಇರುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಸಾಕು. ನಾನು ಚುಚ್ಚಿದಾಗ ಅರ್ಧ ಲೋಟದಷ್ಟು ಕೆಂಪು ನೀರು ಕಾಲಿನ ಮೇಲೆ ಬಿತ್ತು.

ತೊಳೆದರೂ ಸರಿಯಾಗದಿದ್ದರೆ

ಆಗ ಒಳಗಿನ ಪ್ಯಾನೆಲ್ ಬಿಚ್ಚಿ ಲಾಕಿನ ಕನೆಕ್ಟರ್ ತನಕ ಹೋಗಬೇಕು. ಅಭ್ಯಾಸ ಇಲ್ಲದವರು ಇದನ್ನು ಎಲೆಕ್ಟ್ರೀಷಿಯನ್‌ಗೆ ಬಿಡುವುದು ಒಳ್ಳೆಯದು. ನೀವೇ ಮಾಡುವುದಾದರೆ, ಬಾಗಿಲಿನ ಯಾವ ಪ್ಲಗ್ ಕಳಚಿದ್ದರೂ ಇಗ್ನಿಷನ್ ಆನ್ ಮಾಡಬೇಡಿ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗಿನ ಸೆನ್ಸರೂ ಬಾಗಿಲಲ್ಲೇ ಇರುತ್ತದೆ, ಹೊಸ ದೀಪವೊಂದು ಹತ್ತಿಕೊಳ್ಳುತ್ತದೆ.

ಲಾಕಿನ ಪ್ಲಗ್ಗಿನಲ್ಲಿ ಸ್ವಿಚ್ಚಿನ ಎರಡು ಪಿನ್ ಹುಡುಕಿ ಮಲ್ಟಿಮೀಟರನ್ನು ಓಮ್‌ಗೆ, ಅಂದರೆ ಕರೆಂಟಿಗೆ ಇರುವ ತಡೆ ಅಳೆಯುವಲ್ಲಿಗೆ, ಇಟ್ಟು ನೋಡಿ. ಕೊಕ್ಕೆಯನ್ನು ಮುಚ್ಚಿದಾಗ ಒಂದು ಉತ್ತರ, ತೆರೆದಾಗ ಇನ್ನೊಂದು ಉತ್ತರ ಬರಬೇಕು. ಯಾವುದು ಯಾವಾಗ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಕರೆಂಟು ದಾಟುವಾಗ ಒಂದು ಓಮಿನ ಆಸುಪಾಸು ಇರಬೇಕು. ನೂರು, ಇನ್ನೂರು ಅಂತ ಕುಣಿಯುತ್ತಿದ್ದರೆ ಒಳಗೆ ಇನ್ನೂ ಕೊಳೆ ಇದೆ. ಎರಡೂ ಸ್ಥಿತಿಯಲ್ಲಿ ಒಂದೇ ಉತ್ತರ ಬಂದರೆ ಸ್ವಿಚ್ ನಿಜವಾಗಿ ಸತ್ತಿದೆ. ಆಗ ಮೆಕ್ಯಾನಿಕ್ ಹೇಳಿದ "ಪೋಯಿ" ಸರಿ, ಲಾಕ್ ಬದಲಿಸಿ. ಗುಜರಿಯಲ್ಲಿ ಅದೇ ಮಾದರಿಯ ಲಾಕ್ ಸಿಕ್ಕಿದರೆ ತರುವ ಮೊದಲು ಮೀಟರ್ ಹಿಡಿದು ನೋಡಿ. ಎಡ ಬಲ ಬೇರೆ ಬೇರೆ, ನೆನಪಿರಲಿ.

ನನ್ನ ಭಾವನಿಗೆ ಇದೇ ತೊಂದರೆ ಬಂದಾಗ ಯಾರೋ ಎರಡು ವಯರು ತುಂಡು ಮಾಡಿ, ಟೇಪು ಸುತ್ತಿ ಕೊಟ್ಟರು. ದೀಪ ಮತ್ತೆ ಉರಿಯಲೇ ಇಲ್ಲ. ಇನ್ನೂರು ರೂಪಾಯಿಗೆ ಕೆಲಸ ಆಯಿತು ಅಂತ ಭಾವ ಖುಷಿ. ಒಂದು ಸಂಜೆ ಬದಿಯಡ್ಕದಿಂದ ಬರುವಾಗ ತಿರುವಿನಲ್ಲಿ ಹಿಂದಿನ ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡಿತು. ಅರ್ಧ ಲಾಕಿನಲ್ಲಿ ನಿಂತದ್ದು ಯಾರಿಗೂ ಗೊತ್ತಾಗಿರಲಿಲ್ಲ. ಆ ಸೀಟಿನಲ್ಲಿ ಅವತ್ತು ಹಲಸಿನಕಾಯಿ ಮಾತ್ರ ಇತ್ತು. ಅಂಥ ರಿಪೇರಿಗೆ ನಾನು ಯಾರಿಗೂ ಹೂಂ ಅನ್ನುವುದಿಲ್ಲ. ಭಾವನ ಕಾರಿನ ವಯರನ್ನು ನಾವೇ ಮತ್ತೆ ಜೋಡಿಸಿ, ಲಾಕ್ ತೊಳೆದೆವು. ಅದು ಎರಡೇ ಸುತ್ತಿಗೆ ಸರಿಯಾಯಿತು, ಅವನಲ್ಲಿ ತೆಂಗಿನೆಣ್ಣೆ ಬಿಟ್ಟಿರಲಿಲ್ಲವಲ್ಲ.

ಕೆಲಸ ಮುಗಿದ ರಾತ್ರಿ ಮಲ್ಟಿಮೀಟರಿನಿಂದ ಬ್ಯಾಟರಿ ನೋಡಿ. ಓಡಿಸಿ ನಿಲ್ಲಿಸಿದ ಕೂಡಲೇ ಬೇಡ, ಮೂರು-ನಾಲ್ಕು ಗಂಟೆ ಕಳೆಯಲಿ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಬೆಳಗ್ಗೆ ಮತ್ತೆ ನೋಡಿ. 12.2ಕ್ಕೆ ಇಳಿದಿದ್ದರೆ ಕರೆಂಟು ಇನ್ನೂ ಎಲ್ಲೋ ಸೋರುತ್ತಿದೆ, ಉಳಿದ ನಾಲ್ಕು ಬಾಗಿಲಿನಿಂದ ಹುಡುಕಾಟ ಶುರು ಮಾಡಿ. ನನ್ನದು ರಾತ್ರಿ 12.5 ಇತ್ತು, ಬೆಳಗ್ಗೆಯೂ 12.5. ಅಮ್ಮನ ಕಣ್ಣಿನ ಎರಡನೇ ತಪಾಸಣೆಗೆ ಆವತ್ತೇ ಹೊರಟೆವು.